ಆರ್‌ಎಕ್ಸ್ 100 ಎಬ್ಬಿಸುವ ಮುನ್ನ

ಶಹಾಪುರ, ಸುರಪುರದ ಓಣಿಯಲ್ಲಿ ನಿಮ್ಮಪ್ಪ ಮೆರೆದ ಯಮಹಾ ಆರ್‌ಎಕ್ಸ್ 100 ಧೂಳು ಹೊದ್ದು ನಿಂತಿದ್ದರೆ ಗುಜರಿಗೆ ಹಾಕಬೇಡಿ. 1985ರಿಂದ 1996ರವರೆಗೆ ತಯಾರಾದ ಗಾಡಿ ಅದು. ಬಣ್ಣ, ಸ್ಟಿಕ್ಕರ್ ಆಮೇಲೆ. ಮೊದಲು ಆರ್‌ಸಿ ಹುಡುಕಿ, ಎಂಜಿನ್, ಚಾಸಿ ನಂಬರ್ ತಾಳೆ ನೋಡಿ. ನಮ್ಮ ಯಾದಗಿರಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ, ಹಾಗಾಗಿ ಕಲಬುರಗಿಯ ಕೆಎ-32 ಕಂಡರೆ ಗಾಬರಿ ಬೇಡ. 15 ವರ್ಷ ದಾಟಿದ ನೋಂದಣಿ ನವೀಕರಣವಾಗಿದೆಯೇ ನೋಡಿ.

ಮೆಕ್ಯಾನಿಕ್ “ಆಯಿಲ್ ಪಂಪ್ ತೆಗೀತೀನ್ರೀ, ಪೆಟ್ರೋಲಿಗೇ ಆಯಿಲ್ ಹಾಕ್ರಿ” ಅಂದರೆ ಒಪ್ಪಬೇಡಿ. ಎಂಜಿನ್ ಓಟಕ್ಕೆ ತಕ್ಕಷ್ಟೇ ಆಯಿಲ್ ಉಣಿಸುವ ಜಪಾನಿ ಜಾಣತನವೇ ಆ ಪಂಪು. ಕೈಯಳತೆ ಒಮ್ಮೆ ತಪ್ಪಿದರೂ ಪಿಸ್ಟನ್ ಹಿಡಿದುಕೊಂಡೀತು, ಅದರಲ್ಲೂ ನಮ್ಮ ಮೇ ಬಿಸಿಲಲ್ಲಿ. ಸೈಲೆನ್ಸರ್ ಕೊರೆಸುವವರಿಗೆ ನಾನೇನೂ ಹೇಳುವುದಿಲ್ಲ, ಪೊಲೀಸರು ಹೇಳುತ್ತಾರೆ. ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರಿನ ಪೆಟ್ರೋಲ್ ಇಳಿಸಿಬಿಡಿ. ಎಥೆನಾಲ್ ಬೆರೆತದ್ದು ಹಳೇ ರಬ್ಬರಿಗೆ ಆಗಿಬರುವುದಿಲ್ಲ.