ಅಂಕಪಟ್ಟಿಯಿಂದ ಹ್ಯಾನೋವರ್‌ಗೆ

ವಿದೇಶದಲ್ಲಿ ಓದಬೇಕೆಂದು ಮನಸ್ಸು ಮಾಡಿದವರು ನಮ್ಮಲ್ಲಿ ಮೊದಲು ದೇಶ ಆರಿಸುತ್ತಾರೆ. ಆಮೇಲೆ ರ‍್ಯಾಂಕಿಂಗ್ ಪಟ್ಟಿ ಹಿಡಿದು ವಿಶ್ವವಿದ್ಯಾಲಯ, ಕೊನೆಗೆ ಕೋರ್ಸು. ಅಂಕಪಟ್ಟಿಯ ನೆನಪಾಗುವುದು ಅರ್ಜಿಗೆ ಸ್ಕ್ಯಾನ್ ಮಾಡಿಸುವಾಗ. ಜರ್ಮನಿಯ ಮಟ್ಟಿಗಾದರೂ ಈ ಕ್ರಮವನ್ನು ತಲೆಕೆಳಗು ಮಾಡಬೇಕು ಎನ್ನುವವಳು ನಾನು. ಸಿವಿಲ್ ಇಂಜಿನಿಯರಿಂಗ್ ಮುಗಿಸಿ, 2025ರ ಚಳಿಗಾಲದ ಸೆಮಿಸ್ಟರಿಗೆ ಹ್ಯಾನೋವರ್‌ನ ಲೈಬ್ನಿಟ್ಸ್ ವಿಶ್ವವಿದ್ಯಾಲಯಕ್ಕೆ ಜಲಸಂಪನ್ಮೂಲದಲ್ಲಿ ಎಂ.ಎಸ್ಸಿ. ಓದಲು ಬಂದೆ. ಅದಕ್ಕೆ ಮುಂಚಿನ ವರ್ಷವಿಡೀ ನನ್ನ ಮೇಜಿನ ಮೇಲಿದ್ದದ್ದು ಎಂಟು ಸೆಮಿಸ್ಟರಿನ ಅಂಕಪಟ್ಟಿ ಮತ್ತು ನಮ್ಮ ಪಠ್ಯಕ್ರಮದ ಪಿಡಿಎಫ್.

ಜರ್ಮನಿಯ ವಿಶ್ವವಿದ್ಯಾಲಯದವರು ಅಂಕಪಟ್ಟಿ ನೋಡುವುದು ಬೀಗರು ಜಾತಕ ನೋಡಿದ ಹಾಗೆ. ಒಟ್ಟು ಶೇಕಡಾವಾರು ಎಷ್ಟು ಎನ್ನುವುದರ ಜೊತೆಗೆ ಯಾವ ವಿಷಯವನ್ನು ಎಷ್ಟು ಓದಿದ್ದೀರಿ ಎಂದು ಲೆಕ್ಕ ಹಾಕುತ್ತಾರೆ. ಯುರೋಪಿನಲ್ಲಿ ಅದರ ಅಳತೆ ಇಸಿಟಿಎಸ್. ಒಂದು ಇಸಿಟಿಎಸ್ ಎಂದರೆ 25ರಿಂದ 30 ಗಂಟೆಯ ಓದು. ಒಂದು ವರ್ಷಕ್ಕೆ 60. ನಮ್ಮ ನಾಲ್ಕು ವರ್ಷದ ಬಿ.ಇ. ಪದವಿಯನ್ನು 240 ಎಂದು ಹಿಡಿದರೆ, 160 ಕ್ರೆಡಿಟ್‌ನ ಪಠ್ಯಕ್ರಮದವರಿಗೆ ಒಂದು ಕ್ರೆಡಿಟ್ ಸುಮಾರು ಒಂದೂವರೆ ಇಸಿಟಿಎಸ್ ಆಗುತ್ತದೆ. ಕೋರ್ಸಿನ ಪ್ರವೇಶ ನಿಯಮದಲ್ಲಿ ಗಣಿತ ಇಷ್ಟು, ದ್ರವಶಾಸ್ತ್ರ ಇಷ್ಟು ಎಂದು ಬರೆದಿದ್ದರೆ ಅದು ಬರೀ ಔಪಚಾರಿಕ ಮಾತಲ್ಲ. ನನಗಿಂತ ಹೆಚ್ಚು ಸಿಜಿಪಿಎ ಇದ್ದ ಸಹಪಾಠಿಯೊಬ್ಬನ ಅರ್ಜಿ ಒಂದು ಕಡೆ ಗಣಿತದ ಕ್ರೆಡಿಟ್ ಸಾಲದೆ ಬಿದ್ದುಹೋಯಿತು. ಅವನ ಅಂಕಪಟ್ಟಿಯಲ್ಲಿ ಗಣಿತವಿತ್ತು, ಆದರೆ ಸಂಖ್ಯಾಶಾಸ್ತ್ರದ ಭಾಗ ಬೇರೊಂದು ಹೆಸರಿನ ವಿಷಯದೊಳಗೆ ಅಡಗಿತ್ತು. ಅದನ್ನು ಬಿಡಿಸಿ ಹೇಳುವ ಕಾಗದ ಅರ್ಜಿಯಲ್ಲಿ ಇರಲಿಲ್ಲ.

ಅದಕ್ಕೇ ನಾನು ಒಂದು ಕೋಷ್ಟಕ ಮಾಡಿಕೊಂಡಿದ್ದೆ. ಎಡಗಡೆ ಅವರು ಕೇಳುವ ವಿಷಯ, ಬಲಗಡೆ ನಾನು ಓದಿದ್ದು: ಫ್ಲೂಯಿಡ್ ಮೆಕ್ಯಾನಿಕ್ಸ್, ಹೈಡ್ರಾಲಿಕ್ಸ್, ಹೈಡ್ರಾಲಜಿ ಅಂಡ್ ಇರಿಗೇಷನ್ ಇಂಜಿನಿಯರಿಂಗ್, ನಾಲ್ಕು ಗಣಿತದ ಪೇಪರು. ಪ್ರತಿಯೊಂದರ ಪಕ್ಕ ಕ್ರೆಡಿಟ್ಟು, ಪಠ್ಯಕ್ರಮದ ಪುಟಸಂಖ್ಯೆ. ಆ ಪುಟಗಳನ್ನೆಲ್ಲ ಒಂದೇ ಪಿಡಿಎಫ್ ಮಾಡಿ, ಕಾಲೇಜಿನ ಮೊಹರು ಹಾಕಿಸಿ ಅರ್ಜಿಗೆ ಲಗತ್ತಿಸಿದೆ. ಎಷ್ಟೋ ಕೋರ್ಸುಗಳು ಇದನ್ನು ಕೇಳುತ್ತವೆ. ಕೇಳದವರಿಗೂ ಕಳಿಸಿದರೆ ನಷ್ಟವಿಲ್ಲ. ಈ ಕೋಷ್ಟಕ ತುಂಬುವಾಗಲೇ ನನ್ನ ಪಟ್ಟಿಯಲ್ಲಿದ್ದ ಅರ್ಧದಷ್ಟು ಕೋರ್ಸುಗಳು ತಾವಾಗಿ ಉದುರಿಹೋದವು. ಅರ್ಜಿ ಶುಲ್ಕವೂ ಉಳಿಯಿತು. ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ ಹಾಕುವ ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರಿನ ಮುಂದಿನ ಒಂದೊಂದಕ್ಕೂ 30 ಯೂರೋ.

ಇನ್ನು ಅಂಕಗಳ ಪರಿವರ್ತನೆ. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಎಂದರೆ ಪಾಸು. ನಮ್ಮ ಸಿಜಿಪಿಎಯನ್ನು ಅದಕ್ಕೆ ಇಳಿಸಲು ಬವೇರಿಯನ್ ಸೂತ್ರ ಎಂಬುದೊಂದಿದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು, ಗರಿಷ್ಠದಿಂದ ಕನಿಷ್ಠ ಪಾಸಂಕ ಕಳೆದು ಬಂದ ಸಂಖ್ಯೆಯಿಂದ ಭಾಗಿಸಿ. ಮೂರರಿಂದ ಗುಣಿಸಿ, ಒಂದು ಕೂಡಿಸಿ. 7.6 ಸಿಜಿಪಿಎ ಇದ್ದವರಿಗೆ ಕನಿಷ್ಠ ಪಾಸು 4 ಎಂದು ಹಿಡಿದರೆ 2.2 ಬರುತ್ತದೆ, 5 ಎಂದು ಹಿಡಿದರೆ 2.44. ಅನೇಕ ಕೋರ್ಸುಗಳು 2.5ಕ್ಕೇ ಗೆರೆ ಎಳೆದಿರುತ್ತವೆ, ಜಾಗ ಕಡಿಮೆ ಇದ್ದಲ್ಲಿ ಇನ್ನೂ ಬಿಗಿಯಾಗಿ. ಅಂದರೆ ನೀವು ಬರೆದ ಪರೀಕ್ಷೆ ಅದೇ, ತೆಗೆದ ಅಂಕವೂ ಅದೇ. ಪಾಸಂಕ ಎಷ್ಟೆಂದು ಹೇಳುವ ಒಂದು ಕಾಗದದ ಮೇಲೆ ಫಲಿತಾಂಶ ಬದಲಾಗುತ್ತದೆ. ಕನಿಷ್ಠ ಪಾಸಂಕ ನಮ್ಮ ದೇಶದಲ್ಲಿ ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು ಥರ. ಅಂಕಪಟ್ಟಿಯ ಹಿಂಬದಿಯಲ್ಲಿ ಅದು ಸ್ಪಷ್ಟವಾಗಿ ಅಚ್ಚಾಗಿಲ್ಲದಿದ್ದರೆ ಪರೀಕ್ಷಾ ವಿಭಾಗದಿಂದ ಪತ್ರ ಬರೆಸಿಕೊಳ್ಳಬೇಕು. ಕಿಟಕಿಯ ಆಚೆ ಇದ್ದ ಗುಮಾಸ್ತರಿಗೆ ನಾನು ಕೇಳುತ್ತಿರುವುದೇನೆಂದು ಅರ್ಥವಾಗಲು ಸಮಯ ಹಿಡಿಯಿತು. "ಪಾಸಾಗಿದೀಯಲ್ಲಮ್ಮ, ಪಾಸಂಕ ಕಟ್ಟಿಕೊಂಡು ಏನು ಮಾಡ್ತೀಯ?" ಎಂದರು. ಪತ್ರವನ್ನು ಮಾತ್ರ ಚೆನ್ನಾಗಿಯೇ ಬರೆದುಕೊಟ್ಟರು.

ಹೆಸರಿನ ಗೋಳು ಬೇರೆ. ನಮ್ಮ ಕಡೆಯವರಿಗೆ ಮನೆತನದ ಹೆಸರು ಇದ್ದರೆ ಇತ್ತು, ಇಲ್ಲದಿದ್ದರೆ ಅಪ್ಪನ ಹೆಸರಿನ ಮೊದಲಕ್ಷರವೇ ಗತಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಇನಿಷಿಯಲ್ ಹೆಸರಿನ ಹಿಂದೆ, ಪಿಯುಸಿಯಲ್ಲಿ ಮುಂದೆ, ಪದವಿಯಲ್ಲಿ ಅದರ ಪೂರ್ತಿ ರೂಪ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಇದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಕಂಪ್ಯೂಟರ್ ಫಾರಂ ಮಾತ್ರ ಖಾಲಿ ಜಾಗವನ್ನು ಒಪ್ಪುವುದಿಲ್ಲ. ಅರ್ಜಿ ಹಾಕುವ ವರ್ಷ ಪಾಸ್‌ಪೋರ್ಟ್ ಮಾಡಿಸುವ ಬದಲು ಪದವಿಯ ಎರಡನೇ ವರ್ಷದಲ್ಲೇ ಮಾಡಿಸಿ, ಸರ್‌ನೇಮ್ ತುಂಬಿಸಿ, ಮುಂದಿನ ಅಂಕಪಟ್ಟಿಗಳೂ ಅದೇ ಹೆಸರಿನಲ್ಲಿ ಬರುವಂತೆ ನೋಡಿಕೊಳ್ಳಿ. ಈ ಹೆಸರುಗಳೆಲ್ಲ ಒಬ್ಬಳದೇ ಎಂಬ ಅಫಿಡವಿಟ್ಟು ಮಾಡಿಸಿ ನಾನು ಪಾರಾದೆ.

ಇಷ್ಟೂ ಕಾಗದ ಮೊದಲು ಹೋಗುವುದು ಎಪಿಎಸ್‌ಗೆ. ದೆಹಲಿಯ ಜರ್ಮನ್ ರಾಯಭಾರ ಕಚೇರಿಗೆ ಸೇರಿದ ಈ ವಿಭಾಗ ನಮ್ಮ ಪ್ರಮಾಣಪತ್ರಗಳು ಅಸಲಿಯೇ ಎಂದು ಪರಿಶೀಲಿಸುತ್ತದೆ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ. ಶುಲ್ಕ ₹18,000. ಇದಿಲ್ಲದೆ ವೀಸಾ ಇಲ್ಲ, ಹೆಚ್ಚಿನ ಕಡೆ ಅರ್ಜಿಯೂ ಇಲ್ಲ. ಹಾಗಾಗಿ ಕ್ಯಾಲೆಂಡರನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. ತರಗತಿ ಶುರುವಾಗುವುದು ಅಕ್ಟೋಬರಿನಲ್ಲಿ. ಚಳಿಗಾಲದ ಸೆಮಿಸ್ಟರಿಗೆ ಜುಲೈ 15 ಕೊನೆಯ ದಿನ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಇಂಗ್ಲಿಷಿನಲ್ಲಿ ಕಲಿಸುವ ಎಷ್ಟೋ ಕೋರ್ಸುಗಳು ಯುರೋಪಿನ ಹೊರಗಿನವರಿಗೆ ವರ್ಷದ ಮೊದಲ ತಿಂಗಳುಗಳಲ್ಲೇ ಬಾಗಿಲು ಹಾಕುತ್ತವೆ. ಅಂದಮೇಲೆ ಎಪಿಎಸ್ ಅರ್ಜಿ ಹಿಂದಿನ ವರ್ಷದ ದಸರೆಯೊಳಗೆ ಹೋಗಿರಬೇಕು. ಐಇಎಲ್‌ಟಿಎಸ್‌ಗೆ ಹೆದರುವಷ್ಟು ನಮ್ಮ ಹುಡುಗರು ಎಪಿಎಸ್‌ಗೆ ಹೆದರಿದ್ದರೆ ಚೆನ್ನಾಗಿತ್ತು.

ಕನ್ಸಲ್ಟೆನ್ಸಿಗಳ ಬಗ್ಗೆ ಒಂದೇ ಮಾತು. ಸಲಹೆ ಉಚಿತ ಎಂದರೆ ಹಣ ಬೇರೆಲ್ಲಿಂದಲೋ ಬರುತ್ತಿದೆ ಎಂದು ತಿಳಿಯಿರಿ. ಅನೇಕ ಖಾಸಗಿ ವಿದ್ಯಾಸಂಸ್ಥೆಗಳು ವಿದ್ಯಾರ್ಥಿಯನ್ನು ಕರೆತಂದವರಿಗೆ ಕಮಿಷನ್ ಕೊಡುತ್ತವೆ. ನಾನು ಹೋಗಿದ್ದ ಕಚೇರಿಯಲ್ಲಿ ತೋರಿಸಿದ ಪಟ್ಟಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯ ಹುಡುಕಿದರೂ ಸಿಗಲಿಲ್ಲ. ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆಯಾದ ಡಿಎಎಡಿಯ ಜಾಲತಾಣದಲ್ಲಿ ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸುಗಳು ಶುಲ್ಕ, ಕೊನೆಯ ದಿನಾಂಕಗಳ ಸಮೇತ ಇವೆ. ಒಂದು ವಾರ ಕೂತು ಓದಿದರೆ ಸಾಕು.

ಉದ್ದೇಶ ಪತ್ರಕ್ಕೆ ನನ್ನ ಬಳಿ ಒಳ್ಳೆಯ ಕಥೆಯಿತ್ತು. ಲಿಂಗನಮಕ್ಕಿ ಹಿನ್ನೀರಿನ ಅಂಚಿನ ಊರು, ಮುಳುಗಡೆಯಾದ ಅಜ್ಜನ ಗದ್ದೆ. ಪ್ರಾಜೆಕ್ಟಿನ ಮಾರ್ಗದರ್ಶಕರಾಗಿದ್ದ ಮೇಡಂ ಅದನ್ನೆಲ್ಲ ಓದಿ, "ಇದು ಎರಡು ಸಾಲಿರಲಿ. ಶರಾವತಿ ಕಣಿವೆಯ ಮಳೆ ಲೆಕ್ಕ ಮಾಡಿದೆಯಲ್ಲ, ಯಾವ ಮಾದರಿ ಬಳಸಿದೆ, ಎಲ್ಲಿ ಲೆಕ್ಕ ಹೊಂದಲಿಲ್ಲ, ಅದನ್ನು ಬರಿ" ಎಂದರು. ಹೊಂದದ ಲೆಕ್ಕದ ಬಗ್ಗೆ ಒಂದು ಪ್ಯಾರಾ ಬರೆದೆ. ಆಮೇಲೆ ಇಲ್ಲಿ ಯಾವ ವಿಷಯಗಳು ಅದಕ್ಕೆ ಉತ್ತರ ಕೊಡಬಹುದೆಂದು ವಿಶ್ವವಿದ್ಯಾಲಯದ ಮಾಡ್ಯೂಲ್ ಕೈಪಿಡಿ ನೋಡಿಯೇ ಹೆಸರಿಸಿದೆ. ಶಿಫಾರಸು ಪತ್ರವನ್ನೂ ಮೇಡಂ ತಾವೇ ಬರೆದರು. ನಮ್ಮ ಕಾಲೇಜುಗಳಲ್ಲಿ ಇದು ಅಪರೂಪ. "ನೀನೇ ಬರೆದು ತಾ, ಸಹಿ ಹಾಕ್ತೀನಿ" ಎನ್ನುವವರೇ ಹೆಚ್ಚು.

ದುಡ್ಡಿನ ವಿಷಯಕ್ಕೆ ಬಂದರೆ, ಜರ್ಮನಿಯಲ್ಲಿ ಓದು ಪುಕ್ಕಟೆ ಎಂಬ ಮಾತು ಅರ್ಧ ನಿಜ. ಸ್ಟಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಶುಲ್ಕ ಹಾಕಿದೆ. ಹ್ಯಾನೋವರ್ ಇರುವ ಲೋವರ್ ಸ್ಯಾಕ್ಸನಿಯಲ್ಲಿ ಅದಿಲ್ಲ, ಬಸ್ಸು-ರೈಲಿನ ಪಾಸೂ ಸೇರಿದ ಸೆಮಿಸ್ಟರ್ ವಂತಿಗೆಯಷ್ಟೇ. ನಾಲ್ಕು ಸೆಮಿಸ್ಟರಿಗೆ 6,000 ಯೂರೋ ಉಳಿಯುವುದಾದರೆ ರ‍್ಯಾಂಕಿಂಗಿನಲ್ಲಿ ಕೆಲವು ಮೆಟ್ಟಿಲು ಕೆಳಗಿದ್ದರೂ ನನಗೇನೂ ತಕರಾರಿಲ್ಲ. ಕನ್ನಡ ಮೇಷ್ಟರಾಗಿ ನಿವೃತ್ತರಾದ ದೊಡ್ಡಪ್ಪನ ಕಾರಣವೇ ಬೇರೆ. ಕನ್ನಡ ನಿಘಂಟಿನ ಕಿಟೆಲ್ 1832ರಲ್ಲಿ ಹುಟ್ಟಿದ ಪೂರ್ವ ಫ್ರೀಸ್‌ಲ್ಯಾಂಡ್ ಇಂದು ಅದೇ ರಾಜ್ಯದಲ್ಲಿದೆ, ಆದ್ದರಿಂದ ಊರು ಒಳ್ಳೆಯದೇ ಇರಬೇಕು ಎಂದರು.

ಬ್ಲಾಕ್ಡ್ ಅಕೌಂಟ್ ಮಾತ್ರ ಹೆಚ್ಚಿನವರಿಗೆ ತಪ್ಪಿದ್ದಲ್ಲ. ಒಂದು ವರ್ಷದ ಖರ್ಚಿನ ಹಣವನ್ನು ಮುಂಚೆಯೇ ಜರ್ಮನಿಯ ಖಾತೆಯಲ್ಲಿ ಇಡಬೇಕು, ತಿಂಗಳಿಗೆ ಇಂತಿಷ್ಟೇ ಬಿಡುಗಡೆ. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ, ತಿಂಗಳಿಗೆ 992. ರೂಪಾಯಿಯಲ್ಲಿ ಆಗ ಹನ್ನೊಂದು ಲಕ್ಷದ ಆಚೀಚೆ. ಅಡಿಕೆ ತೋಟದ ಮನೆಗೆ ಇದು ಒಂದೇ ಕಂತಿನಲ್ಲಿ ಹೊರಡುವ ದುಡ್ಡಲ್ಲ. ಸಾಲಕ್ಕೆ ಹೋದೆವು. ಏಳೂವರೆ ಲಕ್ಷದ ಮೇಲಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಕೆಂದರು. ಅಪ್ಪ ಪಹಣಿ ತೆಗೆದು ಮೇಜಿನ ಮೇಲಿಟ್ಟರು. "ಕೃಷಿ ಭೂಮಿ ಬೇಡ ಸರ್, ಮನೆ ಇದ್ದರೆ ಹೇಳಿ" ಎಂದರು ಮ್ಯಾನೇಜರು. ಎಕರೆಗಟ್ಟಲೆ ತೋಟವಿದ್ದರೂ ಆ ಕ್ಷಣಕ್ಕೆ ನಾವು ಆಸ್ತಿ ಇಲ್ಲದವರಾದೆವು. ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದ್ದರೆ ಬ್ಯಾಂಕು ಮಾತನಾಡುತ್ತದೆ. 11ಬಿ ಕಂಡರೆ ಮುಖ ತಿರುಗಿಸುತ್ತದೆ. ನಮ್ಮದು 11ಬಿ. ಕೊನೆಗೆ ದೊಡ್ಡಪ್ಪನ ಪೇಟೆ ಮನೆಯ ಪತ್ರ, ಅದರ ಇಸಿ, ಬ್ಯಾಂಕಿನ ವಕೀಲರ ಅಭಿಪ್ರಾಯ ಎಲ್ಲ ಸೇರಿ ಸಾಲ ಮಂಜೂರಾಯಿತು. ಮನೆಯಲ್ಲಿ ಯಾರಾದರೂ ವಿದೇಶದ ಓದಿನ ಮಾತೆತ್ತಿದರೆ ಅದೇ ವಾರ ಮನೆಯ ಖಾತೆ ತೆಗೆದು ನೋಡಿ.

ಸಾಲದಿಂದಲೇ ಹಣ ಕಳಿಸುವುದರಲ್ಲಿ ಇನ್ನೊಂದು ಲಾಭವಿದೆ. 2025ರ ಏಪ್ರಿಲ್‌ನಿಂದ, ಓದಿಗಾಗಿ ಶಿಕ್ಷಣ ಸಾಲದಲ್ಲಿ ಕಳಿಸುವ ಹಣಕ್ಕೆ ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಇಲ್ಲ. ಸ್ವಂತ ಹಣವಾದರೆ ಆ ವರ್ಷ ಹತ್ತು ಲಕ್ಷದ ಮೇಲಿನ ಭಾಗಕ್ಕೆ ಶೇ. 5 ಕಡಿತವಿತ್ತು. ಸಾಲವೇ ಬೇಡವೆನ್ನುವ ಪರಿಶಿಷ್ಟ ಜಾತಿ, ಪಂಗಡದ ಗೆಳೆಯರು ರಾಜ್ಯ ಸರ್ಕಾರದ ಪ್ರಬುದ್ಧ ವಿದ್ಯಾರ್ಥಿವೇತನದ ಪ್ರಕಟಣೆಯ ಮೇಲೆ ಕಣ್ಣಿಟ್ಟಿರಲಿ. ಇಲ್ಲಿ ದುಡಿದು ತೀರಿಸುತ್ತೇನೆ ಎಂಬ ಲೆಕ್ಕವನ್ನು ಮೊದಲ ವರ್ಷಕ್ಕೆ ಹಿಡಿಯಬೇಡಿ. ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅನುಮತಿಯಿದೆ ನಿಜ, ಆದರೆ ಜರ್ಮನ್ ಭಾಷೆ ಬಾರದವರಿಗೆ ಸಿಗುವ ಕೆಲಸ ಕಡಿಮೆ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಾಗಲಿ, ಆನ್‌ಲೈನಿನಲ್ಲಾಗಲಿ ಹೊರಡುವ ಮೊದಲು ಕಲಿತಷ್ಟೂ ಉಪಯೋಗ.

ವೀಸಾ ಕಾಗದಗಳು ಮೊದಲ ಸಲವೇ ಸರಿಯಾಗಿರಬೇಕು. ನಿರಾಕರಿಸಿದರೆ ದೂತಾವಾಸಕ್ಕೇ ಮರುಪರಿಶೀಲನೆಗೆ ಬರೆಯುವ ಸೌಲಭ್ಯವನ್ನು 2025ರ ಜುಲೈ 1ರಿಂದ ತೆಗೆದುಹಾಕಿದ್ದಾರೆ. ಉಳಿದಿರುವುದು ಹೊಸ ಅರ್ಜಿ, ಇಲ್ಲವೇ ಬರ್ಲಿನ್ನಿನ ನ್ಯಾಯಾಲಯ.

ಪ್ರವೇಶಪತ್ರ ಬಂದ ದಿನ ಮನೆಯವರು ಸಿಹಿ ಹಂಚಲಿ, ನೀವು ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿ. ಕಾಯುವವರ ಸಾಲು ಉದ್ದವಿರುತ್ತದೆ. ಖಾಸಗಿ ಕೋಣೆ ಹುಡುಕುವವರು ನೋಡದೆ ಮುಂಗಡ ಕಳಿಸಬೇಡಿ. ಜೊತೆಗೆ ಮಾಲೀಕರನ್ನು ಒಂದು ಪ್ರಶ್ನೆ ಕೇಳಿ: ಇಲ್ಲಿ ವಾಸವಿದ್ದೇನೆಂದು ಬರೆದುಕೊಡುತ್ತೀರಾ? ಆ ಚೀಟಿಯಿಲ್ಲದೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿಯಾಗದು. ನೋಂದಣಿಯಿಲ್ಲದೆ ವಾಸದ ಪರವಾನಗಿ ಮುಂದೆ ಸರಿಯದು. ಕೊಡುವುದಿಲ್ಲ ಎಂದರೆ ಬಾಡಿಗೆ ಎಷ್ಟೇ ಕಡಿಮೆಯಿರಲಿ, ಮುಂದಿನ ಜಾಹೀರಾತು ನೋಡಿ.