ಮುಚ್ಚಿದ ಗಣಿಯ ನೀರು

ಭೂಮಿಯನ್ನು ಅಗೆದು ಲೋಹಗಳನ್ನು ತೆಗೆಯುವ ವಿದ್ಯೆ ಮಾನವನಿಗೆ ಪುರಾತನ ಕಾಲದಿಂದಲೂ ತಿಳಿದಿದೆ. ಅದಿರು ಮುಗಿದೊಡನೆ ಹಳ್ಳವನ್ನು ಹಾಗೆಯೇ ಬಿಟ್ಟು ಹೋಗುವುದು ಹಿಂದಿನ ರೂಢಿಯಾಗಿತ್ತು. ಈಚೆಗೆ ಕೆಲವು ಕಡೆ ಹಳ್ಳವನ್ನು ಅಗೆದ ಕಲ್ಲುಮಣ್ಣುಗಳಿಂದಲೇ ತುಂಬಿ, ಮೇಲೆ ಹುಲ್ಲು ಬೆಳೆಸುತ್ತಾರೆ. ಆಗ ಗಣಿಯು ನಮ್ಮ ಕಣ್ಣಿಗೆ ಮರೆಯಾಗುತ್ತದೆ. ಆದರೆ ನೆಲದೊಳಗಿನ ನೀರಿನ ಮೇಲೆ ಅದರ ಪ್ರಭಾವ ಉಳಿದೇ ಇರುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಲೇಡಿಸ್ಮಿತ್ ಎಂಬ ಊರಿದೆ. ಅದರ ಸಮೀಪದಲ್ಲಿ ಫ್ಲಾಂಬೊ ನದಿಯಿಂದ ಸುಮಾರು 40 ಮೀಟರ್ ದೂರದಲ್ಲಿ ತಾಮ್ರ ಮತ್ತು ಚಿನ್ನದ ತೆರೆದ ಗಣಿಯೊಂದಿತ್ತು. 1993ರಿಂದ 1997ರವರೆಗೆ ಅಲ್ಲಿ ಅದಿರನ್ನು ತೆಗೆಯಲಾಯಿತು. ಹಳ್ಳವು ಸುಮಾರು 67 ಮೀಟರ್ ಆಳವಾಗಿತ್ತು. ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ತುಂಬಿ ಮುಚ್ಚಿದರು.

ತುಂಬಿದ ಕಲ್ಲಿನಲ್ಲಿ ಗಂಧಕವಿತ್ತು. ಅಂತಹ ಕಲ್ಲಿಗೆ ಗಾಳಿಯ ಆಮ್ಲಜನಕವೂ ನೀರೂ ಒಟ್ಟಿಗೆ ತಗುಲಿದರೆ ಗಂಧಕಾಮ್ಲ ಹುಟ್ಟುತ್ತದೆ. ಆಮ್ಲವು ಕಲ್ಲಿನೊಳಗಿನ ಲೋಹಗಳನ್ನು ಕರಗಿಸಿ ನೀರಿಗೆ ಸೇರಿಸುತ್ತದೆ. ಇದನ್ನು ತಡೆಯಲು ಎರಡು ಉಪಾಯಗಳನ್ನು ಮಾಡಿದರು. ಮೊದಲನೆಯದಾಗಿ, ಆಮ್ಲವನ್ನು ಶಮನಗೊಳಿಸುವ ಸುಣ್ಣಕಲ್ಲಿನ ಪುಡಿಯನ್ನು ಬೆರೆಸಿದರು. ಎರಡನೆಯದಾಗಿ, ಹೆಚ್ಚು ಗಂಧಕವುಳ್ಳ ಕಲ್ಲನ್ನು ಹಳ್ಳದ ತಳದಲ್ಲಿ ಹಾಕಿದರು. ನೀರಿನೊಳಗೆ ಆಮ್ಲಜನಕವು ಅತ್ಯಲ್ಪವಾದುದರಿಂದ, ಮುಳುಗಿದ ಕಲ್ಲಿನಲ್ಲಿ ಆಮ್ಲ ಹುಟ್ಟುವುದು ಬಹಳ ಕಡಿಮೆ. ಗಣಿ ನಡೆಯುವಾಗ ನೀರನ್ನು ಪಂಪಿನಿಂದ ಹೊರಹಾಕುತ್ತಾರೆ. ಸುತ್ತಲಿನ ಅಂತರ್ಜಲ ಇಳಿಯುತ್ತದೆ. ಪಂಪು ನಿಂತ ಮೇಲೆ ಅದು ಮೆಲ್ಲನೆ ಏರುತ್ತದೆ. ಎಷ್ಟು ಏರಿತು, ಕಲ್ಲನ್ನು ಮುಳುಗಿಸಿತೇ ಎಂಬುದನ್ನು ತಿಳಿಯಲೇಬೇಕು.

ಅದಕ್ಕಾಗಿಯೇ ವೀಕ್ಷಣಾ ಬಾವಿಗಳಿವೆ. ತುಂಬಿದ ಹಳ್ಳದಲ್ಲಿಯೂ ಅದರ ಸುತ್ತಲೂ ಬೇರೆ ಬೇರೆ ಆಳಕ್ಕೆ ಸಣ್ಣ ಕೊಳವೆಗಳನ್ನು ಇಳಿಸಿ, ಕಾಲಕಾಲಕ್ಕೆ ಅಳತೆಯ ಪಟ್ಟಿ ಬಿಟ್ಟು ನೀರು ಎಷ್ಟು ಕೆಳಗಿದೆ ಎಂದು ನೋಡುತ್ತಾರೆ. ಕೊಳವೆಯ ಬಾಯಿ ಸಮುದ್ರ ಮಟ್ಟದಿಂದ 340 ಮೀಟರ್ ಎತ್ತರದಲ್ಲಿದ್ದು, ನೀರು 6 ಮೀಟರ್ ಕೆಳಗಿದ್ದರೆ, ನೀರಿನ ಮಟ್ಟ 334 ಮೀಟರ್ ಎಂದಾಯಿತು. ಒಂದೇ ಸಾಲಿನಲ್ಲಿಲ್ಲದ ಮೂರು ಬಾವಿಗಳ ಮಟ್ಟಗಳನ್ನು ಹೋಲಿಸಿದರೆ ನೀರು ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದನ್ನು ಊಹಿಸಬಹುದು. ಏಕೆಂದರೆ ಅಂತರ್ಜಲವೂ ಎತ್ತರದ ಮಟ್ಟದಿಂದ ತಗ್ಗಿನ ಮಟ್ಟಕ್ಕೆ ಹರಿಯುತ್ತದೆ. ಫ್ಲಾಂಬೊ ಗಣಿಯಲ್ಲಿ ಆ ದಿಕ್ಕು ನದಿಯ ಕಡೆಗೇ ಇದೆ.

ಮಟ್ಟವನ್ನು ಅಳೆದರಷ್ಟೇ ಸಾಲದು. ನೀರಿನ ಗುಣವನ್ನೂ ಪರೀಕ್ಷಿಸಬೇಕು. ತುಂಬಿದ ಹಳ್ಳದೊಳಗಿನ ಕೆಲವು ಬಾವಿಗಳ ನೀರಿನಲ್ಲಿ ಮ್ಯಾಂಗನೀಸ್ ಅಧಿಕವಾಗಿ ಕಂಡುಬಂದಿತು. ನದಿಗೆ ಇದರಿಂದ ಹಾನಿಯಾಗುವುದೇ ಎಂಬ ವಿಷಯದಲ್ಲಿ ಗಣಿಯವರಿಗೂ ಪರಿಸರಪ್ರಿಯರಿಗೂ ದೀರ್ಘಕಾಲ ವಾದ ನಡೆಯಿತು. ಇಂತಹ ವಾದದಲ್ಲಿ ಸತ್ಯಕ್ಕೆ ಆಧಾರವಾಗುವುದು ವರ್ಷಾನುವರ್ಷ ತಪ್ಪದೆ ಬರೆದಿಟ್ಟ ಅಂಕಿಗಳೇ.

ನೆಲದೊಳಗಿನ ನೀರು ನಿಧಾನವಾಗಿ ನಡೆಯುತ್ತದೆ. ಇಂದು ಕೆಟ್ಟ ನೀರು ನಾಳೆಯೇ ನದಿಯಲ್ಲಿ ಕಾಣಿಸುವುದಿಲ್ಲ. ಕಾಣಿಸುವ ಹೊತ್ತಿಗೆ ತಡೆಯುವ ಕಾಲ ಮೀರಿರಬಹುದು. ಆದುದರಿಂದ ಹಳ್ಳವನ್ನು ಮುಚ್ಚಿದವರ ಹೊಣೆ ಹುಲ್ಲು ಹಸಿರಾದೊಡನೆ ತೀರುವುದಿಲ್ಲ. ಭೂಮಿಯಿಂದ ಪಡೆದವನು ಅದರ ಯೋಗಕ್ಷೇಮವನ್ನು ಬಹುಕಾಲ ವಿಚಾರಿಸುತ್ತಿರಬೇಕು.

ಅಭ್ಯಾಸ

1. ಗಂಧಕವುಳ್ಳ ಕಲ್ಲನ್ನು ಹಳ್ಳದ ತಳದಲ್ಲಿ ಹಾಕಿದುದೇಕೆ?
2. ಅಂತರ್ಜಲ ಹರಿಯುವ ದಿಕ್ಕನ್ನು ಹೇಗೆ ತಿಳಿಯುತ್ತಾರೆ?
3. ‘ಹುಲ್ಲು ಹಸಿರಾದೊಡನೆ ಹೊಣೆ ತೀರುವುದಿಲ್ಲ’ – ವಿವರಿಸಿರಿ.