ಹಿಂದೆ ನಿಂತವನ ಕಣ್ಣು

ಭಾರತದ ಫುಟ್‌ಬಾಲ್ ಕಂಡ ಅತಿ ದೊಡ್ಡ ಸ್ಟಾಪರ್ ಬ್ಯಾಕ್ ಯಾರು ಅಂತ ಕೇಳಿದರೆ ನನ್ನ ತಲೆಮಾರಿನವರು ಯೋಚಿಸದೆ ಜರ್ನೈಲ್ ಸಿಂಗ್ ಅನ್ನುತ್ತಾರೆ. ಅವರ ಆಟದ ಬಗ್ಗೆ ಏನಾದರೂ ಹೇಳಿ ಅಂದರೆ ಎಲ್ಲರ ಬಾಯಲ್ಲೂ ಬರುವುದು 1962ರ ಜಕಾರ್ತಾ ಏಷ್ಯನ್ ಗೇಮ್ಸ್. ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್‌ರನ್ನು ಕೋಚ್ ಸೈಯದ್ ಅಬ್ದುಲ್ ರಹೀಮ್ ಫೈನಲ್‌ನಲ್ಲಿ ಫಾರ್ವರ್ಡ್ ಆಡಿಸಿದರು. ಜರ್ನೈಲ್ ಗೋಲು ಹೊಡೆದರು. ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಆ ಕಥೆ ನನಗೂ ಇಷ್ಟವೇ. ಆದರೆ ಆಯುಷ್ಯವೆಲ್ಲ ಹಿಂದೆ ನಿಂತು ಆಡಿದ ಮನುಷ್ಯ ಜನರ ನೆನಪಿನಲ್ಲಿ ಉಳಿದದ್ದು ಮುಂದೆ ಹೋದ ದಿನದಿಂದ. ಅವತ್ತು ಹಿಂದಿನ ಸಾಲಿನ ಭಾರ ಹೊತ್ತ ಅರುಣ್ ಘೋಷ್ ಏನು ಮಾಡಿದರು ಅಂತ ಕೇಳುವವರು ಕಡಿಮೆ. ಘೋಷ್ ಮುಂದೆ ಭಾರತ ತಂಡದ ಕೋಚ್ ಆದರು. ಅದು ನನಗೆ ಆಶ್ಚರ್ಯದ ಸಂಗತಿ ಅನ್ನಿಸಿಲ್ಲ.

ನಾನೂ ಸ್ಟಾಪರ್ ಬ್ಯಾಕ್ ಆಗಿದ್ದವನು. ಬೆಂಗಳೂರಿನ ಡಿವಿಷನ್ ಲೀಗ್‌ನಿಂದ ಹೊರಟು, ಕೆಲವು ವರ್ಷ ಕೋಲ್ಕತ್ತಾದ ಕ್ಲಬ್ಬೊಂದಕ್ಕೆ ಸಂಬಳಕ್ಕೆ ಆಡಿ, ಆಮೇಲೆ ಸ್ಪೋರ್ಟ್ಸ್ ಕೋಟಾದಲ್ಲಿ ಇಲ್ಲಿನ ಕಾರ್ಖಾನೆಯೊಂದಕ್ಕೆ ಸೇರಿ, ಮಂಡಿ ಇನ್ನು ಸಾಕು ಅಂದಮೇಲೆ ಕೋಚ್ ಆದೆ. ಈಗ ಹತ್ತರಿಂದ ಹದಿನೇಳು ವರ್ಷದವರೆಗಿನ ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಆಡಿ, ಆಡಿಸಿ ನನಗೆ ಖಚಿತವಾಗಿರುವುದು ಇಷ್ಟು: ಡಿಫೆಂಡರ್‌ನ ಕೆಲಸದಲ್ಲಿ ಕಾಲಿಗಿಂತ ಕಣ್ಣಿನ ಪಾಲು ದೊಡ್ಡದು. ಗಟ್ಟಿತನ, ಧೈರ್ಯ, ಒರಟುತನ ಅಂತ ಹೊರಗಿನವರು ಯಾವುದನ್ನು ಕರೆಯುತ್ತಾರೋ ಅದರಲ್ಲಿ ಮುಕ್ಕಾಲು ಭಾಗ, ಮಿಕ್ಕವರಿಗಿಂತ ಒಂದು ಗಳಿಗೆ ಮೊದಲು ನೋಡಿರುವುದೇ ಆಗಿರುತ್ತದೆ. ಧೈರ್ಯವನ್ನು ಹೇಳಿಕೊಡಲು ಬರುತ್ತದೋ ಇಲ್ಲವೋ, ನೋಡುವುದನ್ನಂತೂ ಹೇಳಿಕೊಡಬಹುದು.

ನನಗೆ ಅದನ್ನು ಹೇಳಿಕೊಟ್ಟವರು ಯಾವ ಲೈಸೆನ್ಸೂ ಇಲ್ಲದ ಹಿರಿಯರು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆ ಫುಟ್‌ಬಾಲ್ ಮನೆಮನೆಯ ಮಾತು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್, ಈಸ್ಟ್ ಬೆಂಗಾಲ್‌ನ ಅಹ್ಮದ್ ಖಾನ್, 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದ ಕೆಂಪಯ್ಯ, ಎಲ್ಲರೂ ಬೆಂಗಳೂರಿನ ಹುಡುಗರೇ. ಇವರ ಆಟವನ್ನೂ ಸಂತೋಷ್ ಟ್ರೋಫಿ ಗೆದ್ದ ಮೈಸೂರು ರಾಜ್ಯದ ತಂಡಗಳನ್ನೂ ಕಣ್ಣಾರೆ ಕಂಡ ಜನ ನಮ್ಮ ಕಾಲದಲ್ಲಿ ಗೋಲ್ ಪೋಸ್ಟ್ ಹಿಂದೆ ಬೀಡಿ ಹಚ್ಚಿಕೊಂಡು ನಿಂತಿರುತ್ತಿದ್ದರು. ಅಲ್ಲಿ ಒಬ್ಬರು ಆಟ ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದು, ನಾನು ಮಾಡಿದ ಟ್ಯಾಕಲ್‌ಗಳ ಮಾತೇ ಎತ್ತದೆ, “ತಂಬಿ, ಆ ಗೋಲು ಬೀಳೋಕೆ ಮುಂಚೆ ನಿನ್ನ ರೈಟ್ ಬ್ಯಾಕ್ ಎಲ್ಲಿದ್ದ?” ಅಂತ ಕೇಳುತ್ತಿದ್ದರು. ಉತ್ತರ ಗೊತ್ತಿರದಿದ್ದರೆ ಬೈಯುತ್ತಿರಲಿಲ್ಲ. ಮುಂದಿನ ವಾರ ಮತ್ತೆ ಅದನ್ನೇ ಕೇಳುತ್ತಿದ್ದರು. ಕೇಳಲಿರುವ ಪ್ರಶ್ನೆ ಗೊತ್ತಿದ್ದವನು ಆಟದ ನಡುವೆಯೇ ಉತ್ತರ ಹುಡುಕಲು ಶುರುಮಾಡುತ್ತಾನೆ. ನನ್ನ ಕುತ್ತಿಗೆ ತಿರುಗಲು ಕಲಿತದ್ದು ಹಾಗೆ.

ಮಿಕ್ಕದ್ದನ್ನು ನೆಲ ಕಲಿಸಿತು. ಆಗ ನಮ್ಮ ಮೈದಾನಗಳೆಲ್ಲ ಕೆಂಪು ಮಣ್ಣು, ನಡುನಡುವೆ ಜಲ್ಲಿ. ಜಾರಿಕೊಂಡು ಹೋಗಿ ಟ್ಯಾಕಲ್ ಮಾಡಿದರೆ ತೊಡೆಯ ಚರ್ಮ ಕಿತ್ತು ಬರುತ್ತಿತ್ತು, ರಾತ್ರಿ ಹೊದಿಕೆ ಗಾಯಕ್ಕೆ ಅಂಟಿಕೊಳ್ಳುತ್ತಿತ್ತು. ಹಾಗಾಗಿ ನಮ್ಮ ಕಡೆಯ ಬ್ಯಾಕ್‌ಗಳು ನೆಲಕ್ಕೆ ಬೀಳದೆ ಆಡುವುದನ್ನು ರೂಢಿಸಿಕೊಂಡಿದ್ದರು. ಫಾರ್ವರ್ಡ್ ಎದುರಿಗೆ ಒಂದು ತೋಳಿನಳತೆ ಬಿಟ್ಟು, ಮೈ ಓರೆ ಮಾಡಿ, ಮಂಡಿ ಬಗ್ಗಿಸಿ, ಅವನು ಯಾವ ಕಡೆ ಹೋದರೆ ನಮಗೆ ಲಾಭವೋ ಆ ಕಡೆಗೇ ಅವನನ್ನು ಕಳಿಸುತ್ತ ಹಿಂದೆ ಸರಿಯುವುದು. ಬಾಲ್ ಅವನ ಕಾಲಿನಿಂದ ಒಂದಿಷ್ಟು ಜಾಸ್ತಿ ದೂರ ಹೋದಾಗಲೇ ಕಾಲು ಹಾಕುವುದು. ಇದರಲ್ಲಿ ಸೊಗಸಾದ ಒಂದು ತಾಳ್ಮೆ ಇತ್ತು.

ಕೋಲ್ಕತ್ತಾದ ಮೈದಾನದಲ್ಲಿ ಆ ತಾಳ್ಮೆಯನ್ನು ಬದಿಗಿಡಬೇಕಾಯಿತು. ಅಲ್ಲಿ ಲೀಗ್ ಮಳೆಗಾಲದ್ದು. ಕೆಸರಿನಲ್ಲಿ ಬಾಲ್ ಓಡುವುದಿಲ್ಲ, ನೀರು ನಿಂತ ಕಡೆ ಗಕ್ಕನೆ ನಿಂತುಬಿಡುತ್ತದೆ. ಹಿಂದೆ ಸರಿಯುತ್ತ ಕಾಯುವ ಬ್ಯಾಕ್‌ಗಿಂತ ಮೊದಲು ಫಾರ್ವರ್ಡ್ ಅಲ್ಲಿಗೆ ತಲುಪಿರುತ್ತಾನೆ. ಪಾಸ್ ಹೊರಡುವಾಗಲೇ ಅದು ಎಲ್ಲಿ ಸಾಯುತ್ತದೆ ಅಂತ ಲೆಕ್ಕ ಹಾಕಿ ಮುಂದೆ ನುಗ್ಗಬೇಕು. ಆಟಕ್ಕೆ ಮುಂಚೆ ನಾನು ಪೆನಾಲ್ಟಿ ಏರಿಯಾದ ಸುತ್ತ ನಡೆದು ಎಲ್ಲೆಲ್ಲಿ ನೀರು ನಿಂತಿದೆ ಅಂತ ನೋಡಿಟ್ಟುಕೊಳ್ಳುತ್ತಿದ್ದೆ. ಬಂಗಾಳಿಯಲ್ಲಿ ಎಡ, ಬಲ, ಹಿಂದೆ ಅನ್ನುವಷ್ಟನ್ನು ಮೊದಲು ಕಲಿತೆ. ಹಿಂದಿನಿಂದ ಎಲ್ಲವೂ ಕಾಣುವವನು ಅದನ್ನು ಮುಂದಿನವರಿಗೆ ಕೂಗಿ ಹೇಳದಿದ್ದರೆ ಕಂಡೂ ಪ್ರಯೋಜನವಿಲ್ಲ. ಬೆಂಗಳೂರಿನ ಕಂಟೋನ್ಮೆಂಟ್‌ನಲ್ಲಿ ತಮಿಳು, ಕನ್ನಡ, ದಖನಿ ಎಲ್ಲ ಬೆರೆಸಿ ಕೂಗಿ ಬೆಳೆದವನಿಗೆ ಇನ್ನೊಂದು ಭಾಷೆ ಭಾರವಾಗಲಿಲ್ಲ.

ನನ್ನ ಆಟದ ದಿನಗಳಲ್ಲೇ ನಿಯಮಗಳೂ ಬದಲಾದವು. 1990ರವರೆಗೆ ಕೊನೆಯಿಂದ ಎರಡನೇ ಎದುರಾಳಿಯ ಸಮಕ್ಕೆ ಇದ್ದ ಫಾರ್ವರ್ಡ್ ಕೂಡ ಆಫ್‌ಸೈಡ್. ಆ ವರ್ಷದಿಂದ ಸಮ ಇದ್ದರೆ ಆಫ್‌ಸೈಡ್ ಅಲ್ಲ ಅಂತಾಯಿತು. ಒಂದು ಹೆಜ್ಜೆಯ ರಕ್ಷಣೆ ಹೋಯಿತು. 1992ರಲ್ಲಿ ಬ್ಯಾಕ್ ಪಾಸ್ ನಿಯಮ ಬಂತು. ಅಲ್ಲಿಯವರೆಗೆ ಇಕ್ಕಟ್ಟಾದರೆ ಕೀಪರ್ ಕಡೆ ಬಾಲ್ ತಳ್ಳಿ ಉಸಿರು ಬಿಡಬಹುದಿತ್ತು, ಅವನು ಕೈಯಲ್ಲಿ ಎತ್ತಿಕೊಳ್ಳುತ್ತಿದ್ದ. ಇನ್ನು ಬೇಕೆಂದೇ ಕಾಲಿನಿಂದ ಕೊಟ್ಟ ಬಾಲ್ ಅವನು ಕೈಯಲ್ಲಿ ಮುಟ್ಟುವ ಹಾಗಿಲ್ಲ. ಬಾಲ್ ಹಿಡಿದು ಆಡಲು ಬಾರದ ಬ್ಯಾಕ್‌ಗಳಿಗೆಲ್ಲ ಅದು ಕಷ್ಟದ ಕಾಲ. 1998ರ ವಿಶ್ವಕಪ್ ಹೊತ್ತಿಗೆ ಹಿಂದಿನಿಂದ ಮಾಡುವ ಅಪಾಯಕಾರಿ ಟ್ಯಾಕಲ್‌ಗೆ ನೇರ ರೆಡ್ ಕಾರ್ಡ್ ಅಂತ ಫಿಫಾ ಕಟ್ಟುನಿಟ್ಟು ಮಾಡಿತು. ನಮ್ಮ ಜೊತೆಯವರಲ್ಲಿ ಹಲವರು ಡಿಫೆಂಡರ್‌ಗಳ ಕಾಲ ಮುಗಿಯಿತು ಅಂತ ನೊಂದುಕೊಂಡರು. ನನಗೆ ಹಾಗನ್ನಿಸಲಿಲ್ಲ. ಈ ಮೂರೂ ನಿಯಮಗಳು ಕಿತ್ತುಕೊಂಡದ್ದು ತಡವಾಗಿ ನೋಡಿದವನಿಗೆ ಇದ್ದ ಆಸರೆಗಳನ್ನು. ಬೇಗ ನೋಡುವವನು ಅವುಗಳನ್ನು ಅಷ್ಟಾಗಿ ನೆಚ್ಚಿಕೊಂಡಿರಲಿಲ್ಲ. 2019ರಲ್ಲಿ ಗೋಲ್ ಕಿಕ್‌ನ ಬಾಲ್ ಅನ್ನು ತಂಡದವನು ಪೆನಾಲ್ಟಿ ಏರಿಯಾದ ಒಳಗೇ ಪಡೆಯಬಹುದು ಅಂತಾದಾಗ, ಅಷ್ಟರಲ್ಲಿ ಕೋಚ್ ಆಗಿದ್ದ ನನಗೆ ಖುಷಿಯೇ ಆಯಿತು. ಹಿಂದಿನವನ ಕಾಲಿನಿಂದಲೇ ಆಟ ಶುರುವಾಗಬಹುದಾದ ಕಾಲ ಇದು.

ಕೋಚಿಂಗ್ ಕೋರ್ಸ್‌ಗಳು ನನಗೆ ಕ್ರಮ ಕೊಟ್ಟವು. ಬಾಲ್ ಇರುವವನ ಮೇಲೆ ಒಬ್ಬ ಒತ್ತಡ ಹಾಕಬೇಕು, ಇನ್ನೊಬ್ಬ ಅವನ ಹಿಂದೆ ಕವರ್ ಕೊಡಬೇಕು, ಮೂರನೆಯವನು ಆಚೆ ಬದಿಯ ಬಯಲನ್ನು ಗಮನಿಸಬೇಕು. ಆಡುವಾಗ ಮೈಗೇ ಗೊತ್ತಿದ್ದದ್ದನ್ನು ಬೇರೆಯವರಿಗೆ ದಾಟಿಸಲು ಇಂಥ ಬಿಡಿಸಿದ ಮಾತು ಬೇಕು. ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಅನ್ನುವುದು ಸುಳ್ಳು. ಕೋರ್ಸ್‌ಗೆ ಹೋಗಲು ಸಂಕೋಚಪಡುವ ಹಳೆಯ ಆಟಗಾರರಿಗೆಲ್ಲ ನಾನು ಇದನ್ನೇ ಹೇಳುವುದು.

ಆದರೆ ನಮ್ಮ ಊರಿನ ಮಕ್ಕಳ ಒಂದು ತೊಂದರೆ ಯಾವ ಕೋರ್ಸ್‌ನಲ್ಲೂ ಇರಲಿಲ್ಲ. ಬೆಂಗಳೂರಿನಲ್ಲಿ ಮೈದಾನ ಕಮ್ಮಿಯಾಗುತ್ತ ಬಂದ ಹಾಗೆ ಗಂಟೆ ಲೆಕ್ಕದ ಬಾಡಿಗೆ ಟರ್ಫ್‌ಗಳು ಬಂದವು, ಕಟ್ಟಡಗಳ ತಾರಸಿಯ ಮೇಲೂ. ಸುತ್ತ ಬಲೆ, ತಂಡಕ್ಕೆ ಐದಾರು ಜನ, ಆಫ್‌ಸೈಡ್ ಇಲ್ಲ. ಮಕ್ಕಳ ಕಾಲು ಚುರುಕಾಗಲು ಅದು ಒಳ್ಳೆಯ ಜಾಗ, ಇಕ್ಕಟ್ಟಿನಲ್ಲಿ ಬಾಲ್ ಹಿಡಿಯುವುದರಲ್ಲಿ ಈಗಿನ ಹುಡುಗರು ನಮಗಿಂತ ಎಷ್ಟೋ ಮುಂದೆ. ಅಲ್ಲಿ ಇಲ್ಲದಿರುವುದು ಒಂದೇ, ಬೆನ್ನ ಹಿಂದಿನ ಬಯಲು. ಟರ್ಫ್‌ನಲ್ಲಿ ಹಿಂದೆ ನಾಲ್ಕು ಹೆಜ್ಜೆಗೆ ಬಲೆ ಬರುತ್ತದೆ. 105 ಮೀಟರ್ ಉದ್ದದ ಮೈದಾನದಲ್ಲಿ ಲೈನ್ ಮೇಲಕ್ಕೆ ಏರಿಸಿ ನಿಂತರೆ ಬೆನ್ನ ಹಿಂದೆ ನಲವತ್ತು ಮೀಟರ್ ಖಾಲಿ ಬಿದ್ದಿರುತ್ತದೆ. ಆ ಖಾಲಿ ಜಾಗದ ಅರಿವೇ ಇಲ್ಲದೆ ಬೆಳೆದ ಹುಡುಗ ಬಾಲ್ ಅನ್ನೇ ದಿಟ್ಟಿಸುತ್ತ ನಿಲ್ಲುತ್ತಾನೆ. ಅವನ ಭುಜದ ಪಕ್ಕದಿಂದ ವಿಂಗರ್ ಓಡಿಹೋಗಿರುತ್ತಾನೆ.

ಇದಕ್ಕೆ ನಾನು ಮಾಡುವ ಅಭ್ಯಾಸ ಸರಳ. ಆಟದ ಮಧ್ಯೆ ಸೀಟಿ ಊದಿ ಎಲ್ಲರೂ ಇದ್ದಲ್ಲೇ ನಿಂತು ಕಣ್ಣು ಮುಚ್ಚಬೇಕು ಅನ್ನುತ್ತೇನೆ. ಒಬ್ಬ ಬ್ಯಾಕ್‌ನ ಹತ್ತಿರ ಹೋಗಿ, “ನಿನ್ನ ಹಿಂದೆ ಯಾರಿದ್ದಾರೆ? ಎಡಗಡೆ ಎಷ್ಟು ದೂರದಲ್ಲಿದ್ದಾರೆ? ಕೈ ಮಾಡಿ ತೋರಿಸು” ಅನ್ನುತ್ತೇನೆ. ಮೊದಮೊದಲು ಬೆರಳು ಎಲ್ಲೆಲ್ಲಿಗೋ ಹೋಗುತ್ತದೆ. ಒಂದೆರಡು ತಿಂಗಳಲ್ಲಿ ಸೀಟಿಗೆ ಮುಂಚೆಯೇ ತಲೆಗಳು ಆಚೀಚೆ ತಿರುಗುವುದು ಕಾಣುತ್ತದೆ. ಗೋಲ್ ಪೋಸ್ಟ್ ಹಿಂದಿನ ಆ ಹಿರಿಯರು ಮಾಡುತ್ತಿದ್ದದ್ದೂ ಇದನ್ನೇ. ಇದೇ ಕಾರಣಕ್ಕೆ ಪಂದ್ಯದ ದಿನ ನಾನು ಲೈನ್ ಪಕ್ಕ ನಿಂತು ಕೂಗುವುದಿಲ್ಲ. ಆಡುವಾಗ ತೊಂಬತ್ತು ನಿಮಿಷ ಕೂಗುತ್ತಿದ್ದವನು ನಾನು, ಅದು ನನ್ನ ಕೆಲಸವಾಗಿತ್ತು. ಕೋಚ್ ಕೂಗಿದರೆ ಹುಡುಗ ನನ್ನ ಕಡೆ ನೋಡುತ್ತಾನೆ, ನೋಡಬೇಕಾದ ಕಡೆ ನೋಡುವುದಿಲ್ಲ.

ಕಣ್ಣು ಪಳಗಿದವರ ಆಟ ಹೇಗಿರುತ್ತದೆ ಅಂತ ಮಕ್ಕಳಿಗೆ ತೋರಿಸಲು ನಮಗೆ ಒಂದು ಒಳ್ಳೆಯ ಅವಕಾಶ ಸಿಕ್ಕಿತ್ತು. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾಗಿ, ತನ್ನ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. ಅದರ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಡಿಫೆಂಡರ್ ಆಗಿದ್ದವರು. ಹಿಂದಿನ ಸಾಲಿನಲ್ಲಿ ಜಾನ್ ಜಾನ್ಸನ್, ಕರ್ಟಿಸ್ ಒಸಾನೊ. ಆ ಸೀಸನ್ ಅವರು ಆಡಿದ್ದು ನಮ್ಮ ಹಳೆಯ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಅಲ್ಲಿ ಗ್ಯಾಲರಿ ಮೈದಾನಕ್ಕೆ ಅಂಟಿಕೊಂಡಂತಿದೆ, ಆಟಗಾರರ ಮಾತೂ ಕೇಳುತ್ತದೆ. ಬಾಲ್ ಆಚೆ ತುದಿಯಲ್ಲಿದ್ದಾಗ ಅದನ್ನು ಬಿಟ್ಟು ಈ ಇಬ್ಬರನ್ನೇ ನೋಡಿ ಅಂತ ಮಕ್ಕಳಿಗೆ ಹೇಳಿದೆ. ತಮ್ಮ ತಂಡ ಅಟ್ಯಾಕ್ ಮಾಡುತ್ತಿರುವಾಗಲೂ ಎದುರು ತಂಡದ ಫಾರ್ವರ್ಡ್ ಎಲ್ಲಿದ್ದಾನೆ ಅಂತ ಹುಡುಕಿ, ಮಾತಾಡಿಕೊಂಡು, ಎರಡೆರಡು ಹೆಜ್ಜೆ ಜಾಗ ಬದಲಿಸುತ್ತ ಇರುತ್ತಿದ್ದರು. ಟಿವಿಯಲ್ಲಿ ಇದು ಎಂದೂ ಕಾಣುವುದಿಲ್ಲ, ಕ್ಯಾಮರಾ ಬಾಲ್ ಹಿಂದೆಯೇ ಹೋಗುತ್ತದೆ. ಬ್ಯಾಕ್ ಆಗಬೇಕೆನ್ನುವ ಮಕ್ಕಳನ್ನು ಪೋಷಕರು ಸ್ಟೇಡಿಯಂಗೇ ಕರೆದುಕೊಂಡು ಹೋಗಲಿ ಅಂತ ನಾನು ಕೇಳಿಕೊಳ್ಳುವುದು ಅದಕ್ಕೇ.

ಪೋಷಕರ ಮಾತು ಬಂತಲ್ಲ. ಫಾರ್ವರ್ಡ್ ಆಗಲಿ ಅಂತಲೇ ಎಲ್ಲರೂ ಮಗುವನ್ನು ಕರೆತರುವುದು. “ನಮ್ಮ ಹುಡುಗಿಯನ್ನ ಹಿಂದೆ ನಿಲ್ಲಿಸಿಬಿಟ್ರಲ್ಲ ಸರ್, ಆಟ ಬರಲ್ವಾ ಅವಳಿಗೆ?” ಅಂತ ಒಬ್ಬ ತಾಯಿ ಬಹಳ ನೋವಿನಿಂದ ಕೇಳಿದರು. “ಅಮ್ಮಾ, ತಂಡದಲ್ಲಿ ಆಟ ಚೆನ್ನಾಗಿ ಓದುವವಳು ಇವಳೇ, ಅದಕ್ಕೇ ಅಲ್ಲಿದ್ದಾಳೆ” ಅಂದೆ. ಅವರ ಪಕ್ಕದಲ್ಲೇ ಕೂತು, ಬಾಲ್ ಬರುವ ಮುಂಚೆ ಮಗಳು ಏನು ಮಾಡುತ್ತಾಳೆ ಅಂತ ಒಂದು ಪಂದ್ಯವಿಡೀ ತೋರಿಸಿದೆ. ಈಗ ಆ ತಾಯಿ ಬೇರೆ ಪೋಷಕರಿಗೆ ಆಫ್‌ಸೈಡ್ ಲೈನ್ ವಿವರಿಸುತ್ತಾರೆ. ಆ ಹುಡುಗಿ ಸ್ಲೈಡ್ ಮಾಡಿದ್ದನ್ನು ನಾನು ನೋಡಿದ್ದು ಬಲು ಅಪರೂಪ. ಅವಳಿಗೆ ಅದರ ಅಗತ್ಯ ಬೀಳುವುದಿಲ್ಲ.

ಕೊನೆಗೆ ಹೆಡ್ಡಿಂಗ್ ವಿಷಯ. ಸ್ಟಾಪರ್ ಅಂದರೆ ಹೆಡ್ ಮಾಡುವವನು ಅಂತಲೇ ನಾವು ಬೆಳೆದದ್ದು. ನೆನೆದು ಭಾರವಾದ ಬಾಲ್‌ಗೆ ಹಣೆ ಕೊಟ್ಟು ಕಣ್ಣು ಮಂಜಾದ ಸಂಜೆಗಳು ಕೋಲ್ಕತ್ತಾದಲ್ಲಿ ಇದ್ದವು. 2019ರಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯದ ಸಂಶೋಧಕರು ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರ ದಾಖಲೆಗಳನ್ನು ಪರಿಶೀಲಿಸಿ, ಮಿದುಳು ಕ್ಷಯಿಸುವ ಕಾಯಿಲೆಗಳಿಂದ ಅವರು ಸಾಯುವ ಸಂಭವ ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಅಂತ ಪ್ರಕಟಿಸಿದರು. 2021ರಲ್ಲಿ ಅದೇ ತಂಡ ಜಾಗವಾರು ಲೆಕ್ಕ ತೆಗೆದಾಗ ಇಂಥ ಕಾಯಿಲೆಗಳ ಅಪಾಯ ಅತಿ ಹೆಚ್ಚು ಕಂಡದ್ದು ಡಿಫೆಂಡರ್‌ಗಳಲ್ಲಿ, ಸುಮಾರು ಐದು ಪಟ್ಟು. ಗೋಲ್‌ಕೀಪರ್‌ಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಇದನ್ನು ಓದಿದ ಮೇಲೆ ಹನ್ನೆರಡು ತುಂಬದ ಮಕ್ಕಳಿಂದ ನಾನು ಹೆಡ್ ಮಾಡಿಸುವುದನ್ನು ನಿಲ್ಲಿಸಿದೆ.

ಕೆಲವು ಸೀನಿಯರ್ ಕೋಚ್‌ಗಳಿಗೆ ಇದು ಒಪ್ಪಿಗೆಯಾಗಿಲ್ಲ. “ಹೆಡ್ ಮಾಡೋಕೆ ಬರದ ಸ್ಟಾಪರ್‌ನ ಯಾವ ಟೀಮ್ ತಗೊಳ್ಳುತ್ತಪ್ಪಾ?” ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ, ತಡವಾಗಿ ತಪ್ಪಾಗಿ ಕಲಿತವನಿಗೆ ಪೆಟ್ಟು ಬೀಳುವುದೂ ಹೆಚ್ಚು. ಹಾಗಾಗಿ ದೊಡ್ಡ ಮಕ್ಕಳಿಗೆ ಹಗುರವಾದ ಬಾಲ್‌ನಿಂದ ಶುರುಮಾಡಿ, ಕುತ್ತಿಗೆ ಬಿಗಿಯಾಗಿಡುವುದು, ಜಿಗಿಯುವ ಹೊತ್ತು, ತೋಳು ಎಲ್ಲಿರಬೇಕು ಅನ್ನುವುದನ್ನೆಲ್ಲ ಕಲಿಸುತ್ತೇನೆ, ವಾರದಲ್ಲಿ ಬೆರಳೆಣಿಕೆಯಷ್ಟು ಹೆಡರ್ ಮಾತ್ರ. ಮಿಕ್ಕ ಹೊತ್ತೆಲ್ಲ ಎತ್ತರದ ಬಾಲ್ ಎಲ್ಲಿ ಇಳಿಯುತ್ತದೆ ಅಂತ ಮೊದಲೇ ಅಂದಾಜು ಮಾಡಿ, ಎರಡು ಹೆಜ್ಜೆ ಹಿಂದೆ ಹೋಗಿ ಎದೆಯಲ್ಲಿ ಇಳಿಸಿಕೊಳ್ಳುವ ಅಭ್ಯಾಸ. ಈ ಸಲದ ನಮ್ಮ ತಂಡದ ಸ್ಟಾಪರ್‌ಗಳು ಇಬ್ಬರೂ ಹೀಗೇ ಕಲಿತವರು. ಮುಂದಿನ ಪಂದ್ಯಕ್ಕೆ ಬಂದು ಅವರ ಆಟ ನೋಡಿ ಹೇಳಿ ಅಂತ ಆ ಸೀನಿಯರ್‌ಗಳನ್ನು ಕರೆದಿದ್ದೇನೆ. ಬರುತ್ತೇವೆ ಅಂದಿದ್ದಾರೆ.